ಏಳು ಜನರ ಮೆಗ್ನೀಸಿಯಂ

ರಸಾಯನಶಾಸ್ತ್ರ ಕಲಿಸುವವರ ಅಂಗಿಯನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ, ಜೇಬಿನ ಕೆಳಗೋ ತೋಳಿನ ಅಂಚಿನಲ್ಲೋ ಸಾಸಿವೆಯಷ್ಟು ದೊಡ್ಡ ತೂತೊಂದು ಇದ್ದೇ ಇರುತ್ತದೆ. ಅದು ಆಮ್ಲದ ಹನಿ ಬಿದ್ದ ಗುರುತು. ನನ್ನ ಹೆಂಡತಿ ಅದನ್ನು ದಾರಿದ್ರ್ಯದ ಲಕ್ಷಣವೆನ್ನುತ್ತಾಳೆ. ನಾನು ಪಾಂಡಿತ್ಯದ ಪದಕವೆಂದುಕೊಂಡು ಇಪ್ಪತ್ತೆರಡು ವರ್ಷಗಳಿಂದ ಅಂಥ ಅಂಗಿಗಳನ್ನೇ ತೊಟ್ಟು ತೆಲುಗು ನಾಡಿನ ನಾರಾಯಣಗೂಡದ ನಮ್ಮ ಇಂಟರ್ ಕಾಲೇಜಿಗೆ ಹೋಗಿಬರುತ್ತಿದ್ದೇನೆ.

ಪಾಂಡಿತ್ಯ ಹೆಚ್ಚಾದಂತೆ ಮನುಷ್ಯನಿಗೆ ಪ್ರಯೋಗ ಮಾಡುವ ಅಗತ್ಯ ಕಡಿಮೆಯಾಗುತ್ತದೆ ಎಂಬ ಭ್ರಮೆ ನನಗಿತ್ತು. ಲವಣ ನೀಲಿಯಾಗಿದ್ದರೆ ತಾಮ್ರ, ತಿಳಿಹಸಿರಾಗಿದ್ದರೆ ಕಬ್ಬಿಣ ಎಂದು ಯಾರು ಬೇಕಾದರೂ ಹೇಳಿಯಾರು. ನಾನಾದರೋ ಬಿಳಿಯ ಲವಣಗಳನ್ನೂ ಅವುಗಳ ಹೊಳಪಿನಿಂದಲೇ ಗುರುತಿಸಬಲ್ಲೆನೆಂದು ತರಗತಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಆ ಹೆಮ್ಮೆ ಮುರಿದದ್ದು ಎರಡನೇ ವರ್ಷದವರ ಪ್ರಾಯೋಗಿಕ ಪರೀಕ್ಷೆಯ ದಿನ.

ಆ ಪರೀಕ್ಷೆಯ ಕ್ರಮ ಸರಳ. ಪ್ರತಿಯೊಬ್ಬರಿಗೂ ಹೆಸರಿಲ್ಲದ ಒಂದು ಲವಣದ ಪೊಟ್ಟಣ ಸಿಗುತ್ತದೆ. ಅದು ಯಾವುದೆಂದು ಅವರೇ ಪ್ರಯೋಗ ಮಾಡಿ ಕಂಡುಹಿಡಿಯಬೇಕು. ಯಾವ ಪೊಟ್ಟಣದಲ್ಲಿ ಏನಿದೆ ಎಂಬ ಪಟ್ಟಿ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರ ಕೈಯಲ್ಲಿರುತ್ತದೆ. ಇದಲ್ಲದೆ ಎಲ್ಲಿಯೂ ಬರೆದಿಡದ ಇನ್ನೊಂದು ಕ್ರಮವೂ ಉಂಟು. ನಮ್ಮ ಲ್ಯಾಬಿನ ಅಟೆಂಡರ್ ನರಸಿಂಹುಲು ನೀರು ತುಂಬಿಸುವ ನೆಪದಲ್ಲಿ ಮೇಜಿನಿಂದ ಮೇಜಿಗೆ ಸುಳಿದಾಡಿ, ಮಕ್ಕಳ ಮೇಲಿನ ಕರುಣೆಯಿಂದ, ಲವಣದ ಹೆಸರನ್ನು ಕಿವಿಯಲ್ಲಿ ಉಸುರಿಬಿಡುತ್ತಾನೆ. ನಾನು ಆಗ ಕಿಟಕಿಯಾಚೆಯ ಬೇವಿನ ಮರವನ್ನು ನೋಡುತ್ತಿರುತ್ತೇನೆ.

ಆ ಸಲ ಎಂಟು ಜನರಿಗೆ ಒಂದೇ ಲವಣ ಬಂದಿತ್ತು. ಏಳು ಜನ ಪಟ್ಟಿಯಲ್ಲಿದ್ದಂತೆ ಮೆಗ್ನೀಸಿಯಂ ಸಲ್ಫೇಟ್ ಎಂದು ಬರೆದರು. ಶರಣಮ್ಮ ಒಬ್ಬಳೇ ಜಿಂಕ್ ಸಲ್ಫೇಟ್ ಎಂದು ಬರೆದಳು.

ಶರಣಮ್ಮ ಸುರಪುರದ ಕಡೆಯವಳು. ಅವಳ ತಂದೆ ಗಾರೆ ಕೆಲಸದ ಗೌಂಡಿ. ಕೂಕಟ್‌ಪಲ್ಲಿಯಲ್ಲಿ ಎದ್ದು ನಿಲ್ಲುತ್ತಿರುವ ಅಪಾರ್ಟ್‌ಮೆಂಟುಗಳೇ ಆ ಕುಟುಂಬದ ವರ್ಷಕ್ಕೊಂದು ವಿಳಾಸ. ಹತ್ತನೆಯವರೆಗೆ ಊರಲ್ಲಿ ಕನ್ನಡದಲ್ಲಿ ಓದಿ ಬಂದಿದ್ದ ಹುಡುಗಿ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಾನು ಬೀದರಿನವನೆಂದು ತಿಳಿದ ಮೇಲೆ ಮಾತ್ರ, ಪಾಠ ಮುಗಿದೊಡನೆ ಪುಸ್ತಕ ಹಿಡಿದು ಬಂದು, ತನ್ನ ಸಂದೇಹಗಳನ್ನೆಲ್ಲ ಕನ್ನಡದಲ್ಲಿ ಕೇಳಿ ತಿಳಿದುಕೊಂಡು ಹೋಗುತ್ತಿದ್ದಳು.

ಪರೀಕ್ಷಕರು ಒಳ್ಳೆಯವರು. ಹುಡುಗಿ ಜಾಣೆ, ಹೆಸರೊಂದು ತಪ್ಪಿದ್ದಾಳೆ, ನಿಮ್ಮ ಭಾಷೆಯಲ್ಲೇ ಹೇಳಿ ತಿದ್ದಿಸಿ ಎಂದು ತೆಲುಗಿನಲ್ಲಿ ನನಗೆ ಮೆಲ್ಲಗೆ ಹೇಳಿದರು. ನಾನು ಅವಳ ಮೇಜಿನ ಬಳಿ ಹೋದೆ.

"ನೋಡವ್ವ, ಎಲ್ಲಾರೂ ಮೆಗ್ನೀಸಿಯಂ ಅಂತ ಬರದಾರ. ನೀನೂ ತಿದ್ದಿ ಕೊಡು."

"ಎಲ್ಲಾರೂ ಬರದಾರ್ರಿ ಸರ. ಯಾರೂ ಮಾಡಿ ನೋಡಿಲ್ರಿ."

"ನರಸಿಂಹುಲು ನಿನಗ ಹೇಳಲಿಲ್ಲೇನು?"

"ಹೇಳ್ಯಾರ್ರಿ. ಖರೇ ಇದು ಕರಗಾಕತ್ತೈತ್ರಿ. ಇಲ್ಲೇ ಮಾಡಿ ತೋರಸ್ತೀನಿ, ನೋಡ್ರಿ."

ಅವಳು ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡಿನ ಹನಿಗಳನ್ನು ಬಿಟ್ಟಳು. ಮೊಸರಿನಂಥ ಬಿಳಿ ಪ್ರಕ್ಷೇಪವೊಂದು ಮೂಡಿತು. ಮೆಗ್ನೀಸಿಯಂ ಆಗಿದ್ದರೆ ಇನ್ನೆಷ್ಟು ಸುರಿದರೂ ಆ ಬಿಳುಪು ಹಾಗೆಯೇ ಉಳಿಯಬೇಕು. ಅವಳು ಇನ್ನಷ್ಟು ಸುರಿದು ಅಲುಗಾಡಿಸಿದಳು. ಬಿಳುಪೆಲ್ಲ ಕರಗಿ, ಟೆಸ್ಟ್ ಟ್ಯೂಬಿನಲ್ಲಿ ತಿಳಿನೀರಿನಂಥ ದ್ರಾವಣ ಉಳಿಯಿತು. ಅದು ಜಿಂಕ್. ಸಂದೇಹಕ್ಕೆ ಎಡೆಯೇ ಇರಲಿಲ್ಲ.

ನನಗೆ ಹಿಂದಿನ ದಿನದ ಸಂಜೆ ನೆನಪಾಯಿತು. ನಾನೂ ನರಸಿಂಹುಲುವೂ ಪರೀಕ್ಷೆಯ ಪೊಟ್ಟಣ ಕಟ್ಟುವಾಗ ಒಂದು ಬಾಟಲಿಯ ಚೀಟಿ ಆಮ್ಲದ ಹೊಗೆಗೆ ಅಳಿಸಿಹೋಗಿತ್ತು. ನಾನು ಹರಳನ್ನು ಬೆಳಕಿಗೆ ಹಿಡಿದು, ಹೊಳಪು ನೋಡಿ, ಮೆಗ್ನೀಸಿಯಂ ಎಂದು ತೀರ್ಪು ಕೊಟ್ಟು ಪಟ್ಟಿಯಲ್ಲಿ ಬರೆದಿದ್ದೆ.

ಈ ಪ್ರಯೋಗಕ್ಕೆ ಪುಸ್ತಕದಲ್ಲಿ ಗುಣಾತ್ಮಕ ವಿಶ್ಲೇಷಣೆ ಎಂಬ ಹೆಸರಿದೆ. ಆ ಗಳಿಗೆಯಲ್ಲಿ ವಿಶ್ಲೇಷಣೆಗೆ ಒಳಗಾದದ್ದು ನನ್ನ ಗುಣ. ನಾನು ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಏಳು ಜನರ ಅಂಕಗಳು ಉಳಿಯುತ್ತಿದ್ದವು, ಕಳೆದುಕೊಳ್ಳುವವಳು ಅವಳೊಬ್ಬಳೇ. ಹಾಗೆ ಯೋಚಿಸಿದೆನೆಂಬುದನ್ನು ನಿಮ್ಮಲ್ಲಿ ಮುಚ್ಚಿಡಲಾರೆ. ಆದರೆ ಹುಡುಗಿ ನನ್ನ ಮುಖವನ್ನು ನೋಡುತ್ತಿರಲಿಲ್ಲ, ಟ್ಯೂಬನ್ನೇ ನೋಡುತ್ತಿದ್ದಳು. ತನ್ನ ಕಣ್ಣಿನ ಮೇಲೆ ಅವಳಿಗಿದ್ದ ನಂಬಿಕೆಯನ್ನು ಕೆಡಿಸಿದ ಮೇಲೆ ನಾನು ಅವಳಿಗೆ ಕಲಿಸಲು ಇನ್ನೇನು ಉಳಿದಿರುತ್ತಿತ್ತು?

ಪರೀಕ್ಷಕರ ಬಳಿ ಹೋಗಿ, ತಪ್ಪಿರುವುದು ಪಟ್ಟಿ, ಅದನ್ನು ಬರೆದವನು ನಾನು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಹಾಗಾದರೆ ಈ ಏಳು ಜನ ಮೆಗ್ನೀಸಿಯಮ್ಮನ್ನು ಎಲ್ಲಿಂದ ತಂದರು ಎಂದು ಕೇಳಿದರು. ನಾನು ಕಿಟಕಿಯ ಕಡೆ ನೋಡಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಏಳೂ ಜನರಿಗೆ ಹೊಸ ಪೊಟ್ಟಣ ಕೊಡಲಾಯಿತು; ನರಸಿಂಹುಲುವನ್ನು ಹೊರಗೆ ಬೆಂಚಿನ ಮೇಲೆ ಕೂರಿಸಲಾಯಿತು. ನಾಲ್ವರು ಬೇಗನೆ ಕಂಡುಹಿಡಿದರು. ಮೂವರು ಬೆವರೊರೆಸಿಕೊಳ್ಳುತ್ತ ಸಂಜೆಯವರೆಗೆ ಹೆಣಗಿ, ಅಂತೂ ಸರಿಯಾದ ಉತ್ತರ ಬರೆದರು. ಅಷ್ಟು ಕಷ್ಟಪಟ್ಟು ಕಂಡುಹಿಡಿದದ್ದಕ್ಕೋ ಏನೋ, ಆ ಮೂವರೇ ಎಲ್ಲರಿಗಿಂತ ಹೆಚ್ಚು ನಗುತ್ತ ಹೊರಬಿದ್ದರು.

ಶರಣಮ್ಮನಿಗೆ ಪೂರ್ತಿ ಅಂಕ ಬಂತು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ಶನಿವಾರ ಅವಳನ್ನು ಲ್ಯಾಬಿಗೆ ಕರೆದೆ. ಚೀಟಿ ಅಳಿಸಿದ ಬಿಳಿ ಲವಣಗಳ ಬಾಟಲಿಗಳು ಇನ್ನೂ ಹನ್ನೊಂದಿದ್ದವು. ಪ್ರತಿಯೊಂದನ್ನೂ ಮೊದಲು ನಾನು ಹೊಳಪು ನೋಡಿ ಹೆಸರಿಸುವುದು, ಆಮೇಲೆ ಅವಳು ಪ್ರಯೋಗ ಮಾಡಿ ನೋಡುವುದು ಎಂದು ಒಪ್ಪಂದವಾಯಿತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದಕ್ಕೂ ಹೊಸ ಚೀಟಿಗಳನ್ನು ಅವಳೇ ದುಂಡು ಅಕ್ಷರಗಳಲ್ಲಿ ಬರೆದು ಅಂಟಿಸಿದಳು. ಬಳಿಕ ನನ್ನ ಉತ್ತರಗಳ ಹಾಳೆಯನ್ನು ಎತ್ತಿಕೊಂಡು ಒಂದೊಂದನ್ನೇ ಗುರುತು ಹಾಕುತ್ತ ಹೋದಳು. ಆರು ಸರಿ, ಐದು ತಪ್ಪು.

"ಹೆಂಗ ಬಂತವ್ವ?" ಎಂದೆ.

ಅವಳು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು.

"ಪಾಸಾಗೀರಿ, ಸರ."