ಹನ್ನೊಂದು ಚುಕ್ಕಿಗಳ ನೇರ ಗೆರೆ

ಸುಶಮೀಂದ್ರ ಕರುಣೆಯಿಲ್ಲದ ಮನುಷ್ಯ. ಕಾಲೇಜಿನಲ್ಲಿ ಅವನಿಗೆ ಸಂಖ್ಯಾಶಾಸ್ತ್ರ ಕಲಿಸಿದವಳು ನಾನು, ತಿಳಿದೇ ಹೇಳುತ್ತಿದ್ದೇನೆ.

ಬಳ್ಳಾರಿಯ ಒಂದು ನೀರಾವರಿ ಕಚೇರಿಯಲ್ಲಿ ಅವನು ಗುಮಾಸ್ತ. ಸಿರುಗುಪ್ಪ, ಕುರುಗೋಡು ಕಡೆಯ ಹೊಳೆ, ಕಾಲುವೆಗಳ ನೀರಿನ ಮಟ್ಟವನ್ನು ಹಂಗಾಮಿ ನೌಕರರು ಬೆಳಿಗ್ಗೆ ಆರಕ್ಕೆ ನೋಡಿ ಅವನ ಫೋನಿಗೆ ಕಳಿಸುತ್ತಾರೆ. ಆ ಫೋನಿಗೆ ಬೇರೆ ಯಾರ ಸಂದೇಶವೂ ಬರುವುದಿಲ್ಲ. ಸತ್ಯನಾರಾಯಣ ಪೇಟೆಯ ಅವನ ಕೋಣೆಯಲ್ಲಿರುವುದು ಒಂದೇ ತಟ್ಟೆ, ಒಂದೇ ಲೋಟ.

ಅವನು ಮೌಸ್ ಮುಟ್ಟುವುದಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪು ಮಾಡಿದರೆ ಸಾಕು, ಅಂಕಿಗಳ ಕೋಷ್ಟಕ ಚುಕ್ಕಿಗಳ ನಕ್ಷೆಯಾಗಿ ಏಳುತ್ತದೆ.

"ಏನ್ ಸ್ವಾಮಿ, ಹಾಡಹಗಲೇ ಚಿಕ್ಕಿ ಎಣಸ್ತೀರಿ?" ಎಂದು ಪಕ್ಕದ ಮೇಜಿನ ಶೇಖರ್ ಕೆಣಕುತ್ತಾನೆ.

"ನಿನ್ನಂಗ ಚಾ ಎಣಸಾಂಗಿಲ್ಲಲೇ."

ಸುಳ್ಳು ಅಂಕಿ ಕಳಿಸಿದವರು ಆ ನಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಹಾಗೆ ಇಬ್ಬರ ಕೆಲಸ ಹೋಗಿದೆ. ಅದಕ್ಕಾಗಿ ಅವನೇನೂ ನಿದ್ದೆಗೆಡಲಿಲ್ಲ.

ಕಳೆದ ಆಗಸ್ಟಿನಲ್ಲಿ ಸಿರುಗುಪ್ಪ ಕಡೆಯ ಕೆಂಚನಗುಡ್ಡದ ನಕ್ಷೆ ಹನ್ನೊಂದು ದಿನ ಒಂದೇ ಅಂಕಿಯಲ್ಲಿ ಅಲುಗಾಡದೆ ನಿಂತಿತು. ಅಣೆಕಟ್ಟಿನಿಂದ ನೀರು ಬಿಟ್ಟಿದ್ದ ದಿನಗಳು ಅವು. ಹೊಳೆ ಹಾಗೆ ನಿಲ್ಲುವುದಿಲ್ಲ. ಅಲ್ಲಿ ಮಟ್ಟ ನೋಡುವ ವಿರೂಪಮ್ಮನಿಗೆ ಅವನು ಫೋನು ಮಾಡಿದ. ಆ ಮಾತುಕತೆಯನ್ನು ಅದೇ ಸಂಜೆ ನನಗೆ ಪಾಠ ಒಪ್ಪಿಸುವಂತೆ ಒಪ್ಪಿಸಿದ.

"ಹೊಳಿ ಹನ್ನೊಂದು ದಿನ ನಿಂತೇ ಇತ್ತೇನವಾ?"

"ನಮ್ಮ ಮನಿಯವ್ರು ತೀರಿಕೊಂಡ್ರು ಸರ್. ಹನ್ನೊಂದ್ ದಿನ ಹೊಸ್ತಿಲ ದಾಟಬಾರದಂದ್ರು."

"ಹೇಳಾಕ ಏನಾಗಿತ್ತು?"

"ಹೇಳಿದ್ರ ಬ್ಯಾರೆಯವ್ರನ್ನ ಇಡ್ತಿದ್ರಿ. ನನಗ ಇದೊಂದ ಕೆಲಸ ಐತ್ರಿ."

"ಆ ಅಂಕಿ ಎಲ್ಲಿಂದ ತಂದಿ?"

"ತೀರಿಕೊಳ್ಳೋ ಹಿಂದಿನ ದಿನ ನನ್ ಬದಲಿ ನಮ್ಮ ಮನಿಯವ್ರ ಹೋಗಿ ನೋಡಿ ಬಂದಿದ್ರು. ಅದನ್ನ ದಿನಾ ಕಳಿಸಿದ್ನಿರಿ."

ಅವನು ಫೋನಿಟ್ಟ. ಇಂಜಿನಿಯರರಿಗೆ ವರದಿ ಹೋಗಬೇಕಾದದ್ದು ಮರುದಿನ. ಅಂದು ಸಂಜೆ ಅಚ್ಚು ಹಾಕಿದ ನಕ್ಷೆ ಹಿಡಿದು ನನ್ನ ಮನೆಗೆ ಬಂದ.

"ಎಲ್ಲಾ ಸರಿ ಅದಾವೇನು ನೋಡ್ರಿ, ಮೇಡಂ."

ಆ ಹೆಂಗಸಿನ ಕೆಲಸ ಹೋಯಿತೆಂದುಕೊಂಡೇ ಕನ್ನಡಕ ಹಾಕಿಕೊಂಡೆ. ಅವನನ್ನು ಬಲ್ಲ ಇಪ್ಪತ್ತೆರಡು ವರ್ಷಗಳಲ್ಲಿ ಅವನ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದ್ದನ್ನು ನಾನು ಕಂಡಿಲ್ಲ.

ನಕ್ಷೆಯಲ್ಲಿ ಹನ್ನೊಂದು ದಿನ ಖಾಲಿಯಿದ್ದವು. ಕೆಳಗೆ ಅವನ ಕೈಬರಹ: "ಕೆಂಚನಗುಡ್ಡದಿಂದ ಬಂದ ಅಂಕಿಗಳು ನನ್ನ ಕೈತಪ್ಪಿನಿಂದ ಅಳಿಸಿಹೋಗಿವೆ. ಹೊಣೆ ನನ್ನದು. ಸುಶಮೀಂದ್ರ, ಗುಮಾಸ್ತ."