ಬೀಗಿತ್ತಿಯ ಊರು ಯಾವುದು?

ಮದುವೆಗೆ ಹೊರಡುವಾಗ ಬೇರೆ ಹೆಂಗಸರು ಒಡವೆ ಡಬ್ಬಿ ಹುಡುಕಿದರೆ ನಮ್ಮಮ್ಮ ಹುಡುಕುತ್ತಿದ್ದುದು ಕಲ್ಲುಸಕ್ಕರೆ ಡಬ್ಬಿಯನ್ನು. ಗಂಟಲು ನುಣುಪಾಗಿರಬೇಕಲ್ಲ, ಬೀಗರನ್ನು ಬೈಯುವುದಕ್ಕೂ ಮಾಧುರ್ಯ ಬೇಕು ಸ್ವಾಮಿ. ನಮ್ಮ ಹೊಸಕೋಟೆ ಸೀಮೆಯಲ್ಲಿ ಸೋಬಾನೆ ಪದಗಳ ಭಕ್ತಿಯೆಲ್ಲ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬೀಗರನ್ನು ಆಡಿಕೊಳ್ಳುವ ಪದಗಳು ಶುರುವಾಗುತ್ತವೆ, ಮತ್ತು ಆ ವಿದ್ಯೆಯಲ್ಲಿ ಜಡಿಗೇನಹಳ್ಳಿಯ ನಮ್ಮಮ್ಮನಿಗೆ ಎದುರಾಳಿಯೇ ಇರಲಿಲ್ಲ. ಕೆರೆಯಿರುವ ಊರಿನವರು ಏರಿಯ ಮೇಲೆ ಮಲಗುವ ಸೋಮಾರಿಗಳು, ಕೆರೆಯಿಲ್ಲದವರು ಯುಗಾದಿಗೊಮ್ಮೆ ಮೀಯುವವರು, ಗುಡ್ಡದ ಪಕ್ಕದವರು ಕಲ್ಲೆದೆಯವರು. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ನೆಲ ಮನುಷ್ಯನನ್ನು ರೂಪಿಸುತ್ತದೆ ಎಂಬ ಪಾಠ ಬಂದಾಗಲೆಲ್ಲ ಪುಸ್ತಕಕ್ಕಿಂತ ಮೊದಲು ಅಮ್ಮನ ಬೈಗುಳವೇ ನೆನಪಾಗಿ, ಮಕ್ಕಳೆದುರು ನಗು ನುಂಗಿಕೊಳ್ಳುತ್ತೇನೆ.

ನನ್ನ ಮದುವೆ ನೆಲಮಂಗಲದ ಛತ್ರವೊಂದರಲ್ಲಿ ಆಯಿತು. ಹುಡುಗಿ ಅರಿಶಿನಕುಂಟೆಯವಳು. ಅಮ್ಮ ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, ಹೆದ್ದಾರಿ ಪಕ್ಕದ ಈ ಬೀಗರಿಗೆ ಮಾತು ಬರುವುದಿಲ್ಲ, ಹಾರನ್ ಹೊಡೆದೇ ಮಕ್ಕಳನ್ನು ಕರೆಯುತ್ತಾರೆ ಎಂದು ಹಾಡಿದಾಗ ಛತ್ರಕ್ಕೆ ಛತ್ರವೇ ನಕ್ಕಿತು. ಪಕ್ಕದಲ್ಲಿದ್ದ ನನ್ನ ಹೆಂಡತಿಯೂ ನಕ್ಕಳು. ಆಗ ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತಿದ್ದ ಅವಳ ಅಜ್ಜಿ, ಎಂಬತ್ತರ ಆಸುಪಾಸಿನ ಸಣಕಲು ಮುದುಕಿ, ಬಾಯಿ ಒರೆಸಿಕೊಂಡು ನಿಧಾನವಾಗಿ ದನಿ ತೆಗೆದಳು:

ತಗ್ಗಿನ ಬಾಗಿಲ ತಾಯಮ್ಮ ಬಂದವ್ಳೆ
ಬಗ್ಗದೆ ಬಂದ ಸೊಸೆಗೆಲ್ಲ – ಆ ಮನೇಲಿ
ಬುಗುಟೇ ಮೊದಲ ಬಾಗಿನ

ನಮ್ಮ ಕಡೆಯವರು ಯಾರೂ ನಗಲಿಲ್ಲ. ನಮ್ಮ ಹಳೇ ಮನೆಯ ಬಾಗಿಲು ಅಷ್ಟು ತಗ್ಗಾಗಿತ್ತೆಂಬುದು, ಹೊಸ ಸೊಸೆಯರೆಲ್ಲ ಮೊದಲ ದಿನವೇ ಹಣೆ ಬಡಿಸಿಕೊಂಡು ಬುಗುಟು ಬರಿಸಿಕೊಂಡರೆಂಬುದು ನಮ್ಮ ಬೀದಿ ದಾಟದ ಗುಟ್ಟು. ಅಮ್ಮನ ಕೈ ತಾನಾಗಿ ಹಣೆಗೆ ಹೋಯಿತು. ಬೀಗರು ಯಾರನ್ನೋ ಬಿಟ್ಟು ನಮ್ಮ ಮನೆಯ ವಿಷಯವೆಲ್ಲ ಕೆದಕಿಸಿದ್ದಾರೆ ಎಂದು ತೀರ್ಮಾನಿಸಿ ಎಲೆ ಬಿಟ್ಟೆದ್ದಳು. ಬೀಗಿತ್ತಿ ಉಣ್ಣದೆ ಎದ್ದರೆ ಮಿಕ್ಕವರು ತುತ್ತೆತ್ತುವಂತಿಲ್ಲ. ಸಾರು ಆರುತ್ತಿತ್ತು, ನನ್ನ ಮಾವನವರ ಮುಖ ಅದಕ್ಕಿಂತ ಬೇಗ ಆರುತ್ತಿತ್ತು. ತಾಳಿ ಕಟ್ಟಿ ಎರಡು ಗಂಟೆಯೂ ಆಗಿರದ ನಾನು ಯಾವ ಕಡೆಯವನೆಂದು ನನಗೇ ತಿಳಿಯದೆ ಹಪ್ಪಳ ನೋಡುತ್ತ ಕುಳಿತಿದ್ದೆ.

ಕೊನೆಗೆ ಅಮ್ಮನೇ ಹೋಗಿ ಅಜ್ಜಿಯ ಮುಂದೆ ನಿಂತಳು. "ನಮ್ಮನೆ ಬಾಗ್ಲು ನಿಮಗೆ ಹೆಂಗೆ ಗೊತ್ತು?"

"ಅದರ ಎದುರು ಮನೇಲಿ ಹುಟ್ಟಿದೋಳು ಕಣವ್ವ ನಾನು. ನಿಮ್ಮತ್ತೆ ಮದುವೆಯಾಗಿ ಬಂದ ದಿನ ಅವಳ ಹಣೆಗೆ ಅರಿಶಿನ ಅರೆದು ಹಚ್ಚಿದೋಳೂ ನಾನೇ."

ಅಜ್ಜಿಯ ಅಣ್ಣತಮ್ಮಂದಿರು ಮನೆ ಮಾರಿ ಮಾಲೂರಿನ ಕಡೆ ಹೋಗಿ ಎಷ್ಟೋ ಕಾಲವಾಗಿತ್ತು. ತವರೇ ಇಲ್ಲದ ಊರಿಗೆ ಅವಳು ಮತ್ತೆ ಕಾಲಿಟ್ಟಿರಲಿಲ್ಲ. ಹುಡುಗ ಯಾವ ಊರಿನವನೆಂದು ತಿಳಿದ ದಿನವೇ ಮೊಮ್ಮಗಳಿಂದ ಹಿಡಿದು ಮನೆಯವರ ಬಾಯಿಗೆಲ್ಲ ಬೀಗ ಹಾಕಿಸಿ, ಈ ಪದ ಕಟ್ಟಿಕೊಂಡು ಕಾದಿದ್ದಳಂತೆ. ಕೇಳಿದ ಅಮ್ಮ ಅವಳ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕುಳಿತಳು. ಆಮೇಲೆ ಇಬ್ಬರೂ ಸೇರಿ ನನ್ನನ್ನು ಆಡಿಕೊಂಡ ಪದಗಳನ್ನು ಇಲ್ಲಿ ಬರೆಯಲಾರೆ.

ತಿಂಗಳೊಳಗೆ ಅಮ್ಮ ಅಜ್ಜಿಯನ್ನು ಊರಿಗೆ ಕರೆಸಿಕೊಂಡಳು. ಎದುರು ಮನೆಯ ಜಾಗದಲ್ಲಿ ಈಗ ಹನಿ ನೀರಾವರಿ ಪೈಪಿನ ಅಂಗಡಿ. ಅಜ್ಜಿ ಅದರ ಮುಂದೆ ತುಸು ನಿಂತು, ಅಡುಗೆಮನೆ ಎಲ್ಲಿತ್ತು, ಎಮ್ಮೆ ಎಲ್ಲಿ ಕಟ್ಟುತ್ತಿದ್ದರು ಎಂದು ಪೈಪುಗಳ ನಡುವೆ ಬೆರಳಿಟ್ಟು ತೋರಿಸಿದಳು. ನಮ್ಮ ಹಳೇ ಮನೆಯನ್ನೂ ನಾವು ಕೆಡವಿ ಹೊಸದಾಗಿ ಕಟ್ಟಿಸಿ ಹತ್ತು ವರ್ಷವಾಗಿತ್ತು; ಬಾಗಿಲು ಆಳೆತ್ತರ ಮೀರಿದ ತೇಗದ್ದು. ಆದರೂ ಒಳಗೆ ಬರುವಾಗ ಅಜ್ಜಿ ನಡು ಬಗ್ಗಿಸಿ, ತಲೆ ತಗ್ಗಿಸಿಯೇ ಬಂದಳು. ಆಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಅಮ್ಮನಿಗೆ ಸಿಗುತ್ತಿರಲಿಲ್ಲ. ಅವಳು ಅದನ್ನು ಬಿಟ್ಟು ಅಜ್ಜಿಗೆ ಚಾಪೆ ಹಾಸಿದಳು.

ನಮ್ಮ ಹಳ್ಳಿಗಳಲ್ಲಿ ಹೊರಗಿಂದ ಬಂದ ಸೊಸೆಯನ್ನು ತವರೂರಿನ ಹೆಸರಿಂದ ಕರೆಯುವ ರೂಢಿಯುಂಟು. ಅರವತ್ತು ವರ್ಷ ಅರಿಶಿನಕುಂಟೆಯಲ್ಲಿ ಬಾಳಿದರೂ ಅಲ್ಲಿಯ ಜನಕ್ಕೆ ಅಜ್ಜಿ ಜಡಿಗೇನಹಳ್ಳಮ್ಮನೇ. ಅವಳ ನಿಜವಾದ ಹೆಸರು ನನ್ನ ಹೆಂಡತಿಗೆ ಗೊತ್ತಾದದ್ದೇ ಆಧಾರ್ ಕಾರ್ಡಿನಿಂದ. ಆ ಸಂಜೆ ಅವಳು ನಮ್ಮ ಜಗಲಿಯ ಮೇಲೆ ಕುಳಿತಿದ್ದಾಗ ಪಕ್ಕದ ಮನೆಯ ಸೊಸೆ ಬಂದು, "ಯಾವೂರಜ್ಜಿ ನಿಮ್ದು?" ಎಂದು ಕೇಳಿದಳು.

"ಅರಿಶಿನಕುಂಟೆ," ಎಂದುಬಿಟ್ಟಳು ಅಜ್ಜಿ. ಅಂದವಳು ತಾನೇ ಬೆಚ್ಚಿ, ಬಾಯಿಗೆ ಸೆರಗು ಹಿಡಿದಳು.

ಅಮ್ಮ ಎಲೆಗೆ ಸುಣ್ಣ ಸವರುತ್ತ, ತಲೆಯೆತ್ತದೆ ಹೇಳಿದಳು: "ಅಜ್ಜಿಗೆ ವಯಸ್ಸಾಯ್ತು, ಏನೇನೋ ಅಂತಾಳೆ. ಎದುರು ಮನೆಯೋಳು ಕಣೆ."