ಸೀನಿಗೆ ಗಟ್ಟಿಮೇಳ ಊದಿದ ಸಂಜೀವಯ್ಯ

ಸಂಜೀವಯ್ಯನವರ ಬಗ್ಗೆ ಬರೆಯಲು ನನಗೆ ಇರುವುದು ಒಂದೇ ಕಾರಣ. ಅವರು ಮಾಡಿದ ತಪ್ಪನ್ನು ಪೇಪರಿನವರು ಹೊಗಳಿದರು. ಅವರು ಮಾತ್ರ ಅದು ತಪ್ಪೇ ಎಂದರು. ಅಂಥವರನ್ನು ನಾನು ಹೆಚ್ಚು ನೋಡಿಲ್ಲ.

ಅವರದು ತಲಘಟ್ಟಪುರ. ವಯಸ್ಸು ಅರವತ್ತೆರಡು. ಬನಶಂಕರಿ, ಜಯನಗರದ ಛತ್ರಗಳಲ್ಲಿ ನಲವತ್ತು ವರ್ಷದಿಂದ ಮದುವೆಗಳಿಗೆ ನಾದಸ್ವರ ಊದುತ್ತಾರೆ. ಪಕ್ಕದಲ್ಲಿ ಡೋಲು ಬಾರಿಸುವವನು ನಾನು.

ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಮಾಧವ ಎಂಬವರು ಊಟ ಬಿಟ್ಟು ನಮ್ಮ ಮುಂದೆ ಬಂದು ಕುಳಿತರು. ಅವರು ಸ್ಯಾಕ್ಸೋಫೋನ್ ಊದುತ್ತಾರೆ. ಜೆ.ಪಿ. ನಗರದಲ್ಲಿ ಅವರದೊಂದು ಜಾಜ್ ತಂಡವಿದೆ. ಹೊಸ ತರಹದ ಜಾಜ್.

"ಅಂಕಲ್, ನಮ್ಮ ಜೊತೆ ಊದ್ತೀರಾ?"

"ಯಾವ ರಾಗ?"

"ರಾಗ ಇಲ್ಲ."

"ತಾಳ?"

"ಅದೂ ಇಲ್ಲ. ಪಕ್ಕದವರನ್ನ ಕೇಳಿಸ್ಕೊಳ್ಳೋದು, ಆ ಹೊತ್ತಿಗೆ ಏನು ಬರುತ್ತೋ ಅದನ್ನ ಊದೋದು."

"ಊಟನಾದ್ರೂ ಐತಾ?"

ಊಟ ಇತ್ತು. ಹೋದರು. ಅಲ್ಲಿ ಡ್ರಮ್ಸ್‌ಗೆ ಮೋಹಿತ್. ಆಳೆತ್ತರದ ಪಿಟೀಲಿನಂಥ ಬೇಸ್ ನುಡಿಸಲು ಶ್ವೇತಾ. ಮೊದಲ ದಿನ ವಾಪಸ್ ಬಂದವರು ನನಗೆ ಹೇಳಿದರು: "ನಲವತ್ತು ವರ್ಷ ನಾವು ಊದುವಾಗ ಜನ ಊಟದ ಎಲೆ ನೋಡ್ತಿದ್ರು. ಇವ್ರು ನನ್ನ ಮುಖ ನೋಡ್ತಾರೆ ಕಣಯ್ಯ." ಆಮೇಲೆ ಒಂದು ಭಾನುವಾರದ ಅಭ್ಯಾಸವನ್ನೂ ತಪ್ಪಿಸಲಿಲ್ಲ.

ಮೊದಲ ಕಚೇರಿಯಾಯಿತು. ಸುಶ್ರುತ ಎಂಬ ವಿಮರ್ಶಕರು ಇಂಗ್ಲಿಷ್ ಪೇಪರಿನಲ್ಲಿ ಬರೆದರು. ಮದುವೆ ಮನೆ ಗಲಾಟೆಯಂತಿದೆ ಎಂದು. ಮಾಧವ ಮುಖ ಸಪ್ಪೆ ಮಾಡಿಕೊಂಡು ಅದನ್ನು ಓದಿ ಹೇಳಿದರು.

ಸಂಜೀವಯ್ಯ ತಲೆಯಾಡಿಸಿದರು. "ಸರಿಯಾಗೇ ಗುರ್ತು ಹಿಡಿದವ್ರೆ ಬಿಡಿ. ನಾನು ಅಲ್ಲಿಂದಲೇ ಬಂದೋನು."

ಎರಡನೇ ಕಚೇರಿಗೆ ನಾನೂ ಹೋಗಿದ್ದೆ. ಕೊನೆಯ ಕೃತಿ ಮಾತ್ರ ಶ್ವೇತಾ ಮೊದಲೇ ರಚಿಸಿದ್ದು. ಅದಕ್ಕೆ ಒಂದು ವರ್ಷ ಹಿಡಿದಿತ್ತಂತೆ. ಮುಗಿಯುವಾಗ ಎಲ್ಲರೂ ವಾದ್ಯ ಹಿಡಿದು ಒಂದು ನಿಮಿಷ ಸುಮ್ಮನಿರಬೇಕು. ಆ ಮೌನವೇ ಅದರ ಮುಖ್ಯ. ಅರ್ಧ ನಿಮಿಷ ಆಗಿರಬೇಕು. ಮುಂದಿನ ಸಾಲಿನಲ್ಲಿ ಯಾರೋ ಸೀನಿದರು.

ತಾಳಿ ಕಟ್ಟುವ ಹೊತ್ತಿಗೆ ಸೀನಾಗಲಿ ಅಳುವಾಗಲಿ ಗಂಡು ಹೆಣ್ಣಿನ ಕಿವಿಗೆ ಬೀಳಬಾರದು. ಅದನ್ನು ಮುಚ್ಚಲು ನಾವೆಲ್ಲ ಒಟ್ಟಿಗೆ ಜೋರಾಗಿ ಬಾರಿಸುತ್ತೇವೆ. ಅದೇ ಗಟ್ಟಿಮೇಳ. ಸಂಜೀವಯ್ಯ ಗಟ್ಟಿಮೇಳ ಊದಿಬಿಟ್ಟರು. ಕುರ್ಚಿಯಲ್ಲಿದ್ದ ನನ್ನ ಕೈಯೂ ತೊಡೆ ಮೇಲೆ ಬಡಿಯುತ್ತಿತ್ತು. ಮೋಹಿತ್ ಬೆಚ್ಚಿಬಿದ್ದು ಡ್ರಮ್ಸ್ ಸೇರಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶ್ವೇತಾ ತಲೆ ಎತ್ತಲಿಲ್ಲ.

ಈ ಸಲ ಸುಶ್ರುತ ಬೇರೆ ಥರ ಬರೆದರು. ಮೌನವನ್ನು ಹಾಗೆ ಒಡೆಯಲು ಧೈರ್ಯ ಬೇಕು, ಈ ವರ್ಷ ಇಂಥದ್ದು ಕೇಳಿಲ್ಲ ಎಂದು. ಮುಂದಿನ ಭಾನುವಾರ ಅಭ್ಯಾಸದ ಜಾಗಕ್ಕೇ ಬರುವುದಾಗಿ ಫೋನ್ ಮಾಡಿದರು. ಆ ದಿನ ನಾನೂ ಜೊತೆಗೆ ಹೋಗಿದ್ದೆ. ಸುಶ್ರುತ ಬರುವ ಮೊದಲು ಮಾಧವ ಸಂಜೀವಯ್ಯನವರನ್ನು ಪಕ್ಕಕ್ಕೆ ಕರೆದರು.

"ಅಂಕಲ್, ಬೇಕು ಅಂತಲೇ ಊದಿದ್ದು ಅಂದ್ಬಿಡಿ. ಪ್ಲೀಸ್."

ಹಿಂದಿನ ದಿನವೇ ಸಂಜೀವಯ್ಯ ನನ್ನ ಹತ್ತಿರ ಹೇಳಿಕೊಂಡಿದ್ದರು. ನಿಜ ಹೇಳಿದರೆ ಇವರು ನನ್ನನ್ನು ಕಳಿಸಿಬಿಡಬಹುದು, ಮತ್ತೆ ಎಲೆ ನೋಡುವವರ ಮುಂದೆಯೇ ಊದಬೇಕು ಎಂದು.

ಸುಶ್ರುತ ಬಂದು ಪುಸ್ತಕ ತೆಗೆದರು. "ಆ ಮೌನದಲ್ಲಿ ಊದೋದು ಹೆಂಗೆ ಹೊಳೀತು ನಿಮಗೆ?"

"ಹೊಳೀಲಿಲ್ಲ ಸಾರ್. ಯಾರೋ ಸೀನಿದ್ರು. ಅಭ್ಯಾಸ, ಊದ್ಬಿಟ್ಟೆ. ತಪ್ಪಾಯ್ತು." ಶ್ವೇತಾ ಕಡೆ ತಿರುಗಿದರು. "ನಿಮ್ಮ ಮುಹೂರ್ತಕ್ಕೆ ಸೀನು ಬೀಳಬಾರ್ದು ಅಂತ ಕೈ ಓಡ್ತು ಕಣವ್ವ. ಮುಹೂರ್ತನೇ ಕೆಡಿಸ್ದೆ."

ಸುಶ್ರುತ ಪೆನ್ನಿನ ಮುಚ್ಚಳ ಹಾಕಿದರು. "ಸೀನಿದ್ದು ನಾನೇ," ಎಂದರು.

ಮೊದಲು ನಕ್ಕವರು ಶ್ವೇತಾ. "ಹಂಗಾದ್ರೆ ಈ ವರ್ಷದ ಬೆಸ್ಟ್ ಸಂಗೀತ ನಿಮ್ಮ ಮೂಗಿಂದು ಸಾರ್." ಆಮೇಲೆ ಸಂಜೀವಯ್ಯನವರಿಗೆ ಹೇಳಿದರು: "ನಿಜ ಹೇಳಿದ್ರಲ್ಲ, ನಂಗೆ ಅಷ್ಟೇ ಸಾಕಿತ್ತು. ನೀವು ಎಲ್ಲೂ ಹೋಗ್ಬೇಡಿ ಅಂಕಲ್. ಆ ಒಂದು ನಿಮಿಷ ಮಾತ್ರ ನಂಗೆ ವಾಪಸ್ ಕೊಡಿ."

ಕೊಟ್ಟರು. ಮೂರನೇ ಕಚೇರಿಯಲ್ಲಿ ಆ ಜಾಗ ಬಂದಾಗ, ನಾದಸ್ವರದಲ್ಲಿ ಬಾಯಿಗಿಡುವ ಪೀಪಿ ಕಳಚಿ ಜೇಬಿಗೆ ಹಾಕಿಕೊಂಡರು. ಹಿಂದೆ ಯಾರೋ ಕೆಮ್ಮಿದರು. ಅವರ ಬೆರಳು ಅಲ್ಲಾಡಿತು. ಅಷ್ಟೇ. ನಿಮಿಷ ಪೂರ್ತಿಯಾಯಿತು.

ಈಗ ಕಚೇರಿ ಇರಲಿ ಬಿಡಲಿ, ಭಾನುವಾರ ಅಭ್ಯಾಸಕ್ಕೆ ಹೋಗುವ ಮುಂಚೆ ಬೆಳಿಗ್ಗೆ ಏಳಕ್ಕೆ ಸಂಜೀವಯ್ಯ ಯಡಿಯೂರು ಕೆರೆಯ ಹತ್ತಿರ ಬಸ್ಸಿಳಿದು, ಕಲ್ಲು ಬೆಂಚಿನ ಮೇಲೆ ಕುಳಿತು ಟೀ ಕುಡಿಯುತ್ತಾರೆ. ಹಸಿರು ಬಟ್ಟೆಯ ಉದ್ದನೆ ಚೀಲ ಪಕ್ಕದಲ್ಲಿರುತ್ತದೆ. ದಯವಿಟ್ಟು ಒಂದು ಸಲ ಹೋಗಿ ಮಾತಾಡಿಸಿ. ಕೇಳಿದರೆ ಊದುತ್ತಾರೆ. ಆಗ ಅವರ ಮುಖ ನೋಡಿ, ಅಷ್ಟು ಸಾಕು ಅವರಿಗೆ.